ಡ್ಯಾಶ್‌ಬೋರ್ಡ್ ಹಿಂದೆ ಸಿಕ್ಕ ರಿಲೇ

ಎರಡು ವರ್ಷದ ಹಿಂದಿನ ಆಷಾಢದ ಮಾತು. ಹುಣಸೂರಿನಲ್ಲಿ ನಾನು ಆಟೋ ಎಲೆಕ್ಟ್ರಿಷಿಯನ್ ಅಂಗಡಿ ತೆರೆದು ಇಪ್ಪತ್ತೇಳು ವರ್ಷವಾಗಿತ್ತು. ಅಷ್ಟರಲ್ಲಿ ಕೈ ಪಳಗಿದಂತೆ ಬಾಯಿಗೂ ಒಂದು ಚಟ ಅಂಟಿಕೊಂಡಿತ್ತು. ಯಾವ ಗಾಡಿ ಬಿಚ್ಚಿದರೂ ಹಿಂದೆ ಅದನ್ನು ಮುಟ್ಟಿದವನನ್ನು ಬೈಯುವುದು. ನಮ್ಮ ಕಸುಬಿನಲ್ಲಿ ಇದು ಮಾಮೂಲು. ಗಿರಾಕಿಗೆ ನಮ್ಮ ಮೇಲೆ ಭರವಸೆ ಹುಟ್ಟಲಿ ಎಂಬ ಆಸೆ.

ಒಂದು ಬೆಳಿಗ್ಗೆ ಭೇರ್ಯದ ಕಡೆಯಿಂದ ಹಳೆಯ ಕೆಂಪು ಕಾರೊಂದು ಬಂತು. ಓಡಿಸುತ್ತಿದ್ದವರು ಮಹದೇವಮ್ಮ, ಐವತ್ತರ ಆಸುಪಾಸಿನ ರೈತ ಮಹಿಳೆ. ಪಕ್ಕದಲ್ಲಿ ಗಂಡ ಚಿಕ್ಕೇಗೌಡರು. ಕಾರಿನ ವೈಪರ್ ಜೋರು ಸ್ಪೀಡಿನಲ್ಲಿ ಮಾತ್ರ ಓಡುತ್ತಿತ್ತು. ತುಂತುರು ಮಳೆಗೆ ಬೇಕಾಗುವ, ಒಮ್ಮೆ ಒರೆಸಿ ನಾಲ್ಕೈದು ಸೆಕೆಂಡ್ ಬಿಟ್ಟು ಮತ್ತೆ ಒರೆಸುವ ವ್ಯವಸ್ಥೆ ಕೆಟ್ಟಿತ್ತು. ಆಫ್ ಮಾಡಿದರೆ ಕಡ್ಡಿಗಳು ಕೆಳಗೆ ಮಲಗದೆ ಸರಿಯಾಗಿ ಕಣ್ಣೆದುರೇ ನಿಲ್ಲುತ್ತಿದ್ದವು.

"ಕೆ.ಆರ್. ನಗರದಲ್ಲಿ ಇಬ್ರು ನೋಡಿ ಆಗಕಿಲ್ಲ ಅಂದ್ಬುಟ್ರು ಕಣಣ್ಣ" ಎಂದರು ಮಹದೇವಮ್ಮ. "ಇವತ್ತು ರೆಡಿಯಾಗ್ನಿಲ್ಲ ಅಂದ್ರೆ ಇವ್ರು ಗಾಡಿ ಮಾರ್ಬುಡ್ತಾರೆ. ಪಿರಿಯಾಪಟ್ಟಣದೋರು ಸಾಯಂಕಾಲ ನೋಡಾಕೆ ಬತ್ತಾವ್ರೆ. ಇಷ್ಟು ವರ್ಷ ಇನ್ನೊಬ್ರ ಹಿಂದೆ ಕುಂತು ಓಡಾಡಿದ್ದೆ. ಈಗ ಸ್ಟೀರಿಂಗ್ ಹಿಡ್ದಿವ್ನಿ, ಬುಡಾಕೆ ಮನಸಿಲ್ಲ."

ಗೌಡರು ಹೋಗಿ ಬೆಂಚಿನ ಮೇಲೆ ಕೂತರು.

ಫ್ಯೂಸ್ ನೋಡಿದೆ, ಸರಿಯಿತ್ತು. ಮೋಟಾರಿಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟೆ, ಚೆನ್ನಾಗಿ ತಿರುಗಿತು. ಸ್ವಿಚ್ಚಿನಲ್ಲೂ ಬೇಕಾದಷ್ಟು, 12.3 ವೋಲ್ಟ್ ಬರುತ್ತಿತ್ತು. ಉಳಿದದ್ದು ಡಿಲೇ ರಿಲೇ. ಮೋಟಾರಿಗೆ ಕರೆಂಟನ್ನು ಬಿಟ್ಟು ಬಿಟ್ಟು ಕೊಡುವ, ಬೆಂಕಿಪೊಟ್ಟಣದಷ್ಟು ಗಾತ್ರದ ಡಬ್ಬಿ ಅದು. ಸ್ಟೀರಿಂಗ್ ಕೆಳಗಿನ ಫ್ಯೂಸ್ ಬಾಕ್ಸಿನಲ್ಲಿ ಇರಬೇಕಿತ್ತು. ನೋಡಿದರೆ ಜಾಗ ಖಾಲಿ. ಅಲ್ಲಿಂದ ಐದು ವೈರ್‌ಗಳನ್ನು ಯಾರೋ ಎಲ್ಲಿಗೋ ಎಳೆದಿದ್ದರು.

"ಯಾವ ತಲೆಕೆಟ್ಟೋನು ಮುಟ್ಟವ್ನೋ ಇದ್ನ" ಎಂದು ಶುರು ಮಾಡಿದೆ. ಒಂದೂವರೆ ಗಂಟೆ ಸೀಟಿನ ಕೆಳಗೆ, ಬಾನೆಟ್ ಒಳಗೆ ಹುಡುಕುತ್ತ ಆ ಪುಣ್ಯಾತ್ಮನ ಕೈಗೂ ಬುದ್ಧಿಗೂ ಮಂಗಳಾರತಿ ಎತ್ತಿದೆ. ಗೌಡರು ಗಮನವಿಟ್ಟು ಕೇಳುತ್ತಿದ್ದರು.

"ಇಂಥೋನು ಕೈ ಹಾಕಿರೋ ಗಾಡೀಲಿ ಇನ್ನೂ ಏನೇನು ಕೆಟ್ಟದೋ. ವೈಪರ್ ಸರಿಯಾದ್ರೂ ಅಷ್ಟೇಯ, ಮಾರೋದೇ ವಾಸಿ" ಎಂದರು ಗೌಡರು. ಮಹದೇವಮ್ಮನ ಮುಖ ಸಪ್ಪಗಾಯಿತು.

ಕೊನೆಗೆ ಇಬ್ಬರನ್ನೂ ಸುಮ್ಮನಿರಲು ಹೇಳಿ, ವೈಪರ್ ಸ್ವಿಚ್ ಹಾಕಿ, ಡ್ಯಾಶ್‌ಬೋರ್ಡಿಗೆ ಕಿವಿಯಿಟ್ಟೆ. ಎಡತುದಿಯಿಂದ ಸಣ್ಣಗೆ ಟಕ್ ಟಕ್ ಕೇಳಿಸಿತು. ಅಲ್ಲಿದ್ದ ಸಾಮಾನಿಡುವ ಖಾನೆ ಬಿಚ್ಚಿದೆ. ಅದರ ಹಿಂದೆಯೇ ರಿಲೇ ಕೂತಿತ್ತು. ಕರೆಂಟ್ ಅದರೊಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಕರೆಂಟ್ ದಾಟಿಸುವ ಒಳಗಿನ ಪಾಯಿಂಟ್ ಸುಟ್ಟಿತ್ತು.

ಆದರೆ ವೈರ್‌ಗಳನ್ನು ಕಟ್ಟಿದ್ದ ದಾರ ನೋಡಿ ನನ್ನ ಕೈ ನಿಂತುಹೋಯಿತು. ನಮ್ಮ ಕಡೆ ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಹದವಾಗಿ ಒಣಗಿಸುವ ಮೊದಲು ಕಡ್ಡಿಗೆ ಕಟ್ಟುವ ದಾರ ಅದು. ಬಿಸಿಲಿಗೆ ಟೇಪ್ ಬಿಟ್ಟುಕೊಳ್ಳುತ್ತದೆಂದು ವೈರಿಗೆ ಆ ದಾರ ಸುತ್ತುವವನು ಹುಣಸೂರಿನಲ್ಲಿ ಒಬ್ಬನೇ. ಗಂಟೂ ನಮ್ಮವ್ವ ಕಲಿಸಿದ್ದೇ. ಒಂಬತ್ತು ವರ್ಷದ ಹಿಂದೆ ಒಬ್ಬ ಮೇಷ್ಟ್ರ ಬಿಳಿ ಕಾರಿನಲ್ಲಿ ಗಾಜಿನ ಸಂದಿನಿಂದ ಮಳೆನೀರು ಫ್ಯೂಸ್ ಬಾಕ್ಸಿಗೆ ತೊಟ್ಟಿಕ್ಕುತ್ತಿತ್ತು. ರಿಲೇಯನ್ನು ಒಣ ಜಾಗಕ್ಕೆ ಸಾಗಿಸಿದ್ದವನು ನಾನೇ. ಆ ಬಿಳಿ ಗಾಡಿಗೆ ಆಮೇಲೆ ಯಾರೋ ಕೆಂಪು ಬಣ್ಣ ಹೊಡೆಸಿದ್ದರಿಂದ ನನಗೆ ಗುರುತು ಸಿಕ್ಕಿರಲಿಲ್ಲ.

ಬಾಯಿ ಮುಚ್ಚಿಕೊಂಡು ಹೊಸ ರಿಲೇ ಹಾಕಿ ಕಳಿಸಬಹುದಿತ್ತು. ಆದರೆ ಗೌಡರು ಆಗಲೇ ಫೋನಿನಲ್ಲಿ ಪಿರಿಯಾಪಟ್ಟಣದವರಿಗೆ ಸಾಯಂಕಾಲದವರೆಗೆ ಕಾಯದೆ ಈಗಲೇ ಬರಲು ಹೇಳುತ್ತಿದ್ದರು. ಮಹದೇವಮ್ಮ ರಸ್ತೆಯ ಕಡೆ ಮುಖ ತಿರುಗಿಸಿ ನಿಂತಿದ್ದರು. ಅವರ ಗಾಡಿ ಕೈತಪ್ಪುತ್ತಿದ್ದದ್ದು ನನ್ನ ಬಾಯಿಂದ. ನನಗೆ ನಾಚಿಕೆಯಾಯಿತು.

"ಗೌಡ್ರೇ, ಫೋನ್ ಮಡಗಿ. ಈ ಕೆಲ್ಸ ಮಾಡ್ದೋನು ನಾನೇ."

ಗೌಡರು ನನ್ನನ್ನೇ ನೋಡಿದರು. "ಅಂಗಾದ್ರೆ ಬೆಳಿಗ್ಗೆಯಿಂದ ಬೈದಿದ್ದು ಯಾರ್ಗೆ?"

"ನನ್ಗೇಯ."

ಮಹದೇವಮ್ಮ ಬಾಯಿಗೆ ಸೆರಗು ಹಿಡಿದು ನಗತೊಡಗಿದರು. ಗೌಡರ ಹೊಟ್ಟೆಯೂ ಕುಲುಕಿತು. ನೀರು ತೊಟ್ಟಿಕ್ಕುತ್ತಿದ್ದ ಜಾಗ ತೋರಿಸಿ, "ಈ ರಿಲೇ ಒಂಬತ್ತು ಮಳೆಗಾಲ ದುಡ್ದದೆ. ಪಾಯಿಂಟ್ ಸವೆದು ಸುಟ್ಟದೆ ಅಷ್ಟೇಯ, ಗಾಡಿ ಗಟ್ಟಿಯಾಗದೆ" ಎಂದೆ. ಹೊಸ ರಿಲೇ ಹಾಕಲು ಅರ್ಧ ಗಂಟೆ ಹಿಡಿಯಿತು. ಕಡ್ಡಿಗಳು ನಿಂತು ನಿಂತು ಒರೆಸಿ, ಆಫ್ ಮಾಡಿದಾಗ ಕೆಳಗೆ ಹೋಗಿ ಮಲಗಿದವು. ಗೌಡರು ಮತ್ತೆ ಫೋನ್ ಮಾಡಿದರು.

"ಬರ್ಬ್ಯಾಡಿ ಕಣಪ್ಪ, ಗಾಡಿ ಕೊಡಾಕಿಲ್ಲ. ಓಡ್ಸೋರು ಬುಡಕಿಲ್ಲ ಅಂತಾವ್ರೆ."

ಮಳೆಯ ಒಂದು ಹನಿಯೂ ಇರಲಿಲ್ಲ. ಮಹದೇವಮ್ಮ ವೈಪರ್ ಹಾಕಿಕೊಂಡೇ ಹೊರಟರು. ನನಗೂ ಹಬ್ಬದಷ್ಟು ಖುಷಿಯಾಗಿತ್ತು.

ಈಗ ರಿಲೇ ಜಾಗ ಬದಲಿಸಿದರೆ ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಗೆ ಬರೆದಿಡುತ್ತೇನೆ. ಬೇರೆಯವರ ಕೆಲಸ ವಿಚಿತ್ರವಾಗಿ ಕಂಡರೆ ಅದಕ್ಕೊಂದು ಕಾರಣ ಇದ್ದೀತು ಎಂದುಕೊಂಡು ಹುಡುಕುತ್ತೇನೆ, ಬಾಯಿ ಮುಚ್ಚಿಕೊಂಡು. ನಾವು ಬೈದರೆ ಗಾಡಿಗೆ ಏನೂ ಆಗದು. ಕೇಳುತ್ತ ಕೂತವರು ಅದನ್ನು ಮಾರಲು ಹೊರಡುತ್ತಾರೆ.