ಅಮೀನುದ್ದೀನ ಕಟ್ಟಿದ ಹೂವು

ಹೂವಿನ ಹಿಪ್ಪರಗಿಯಲ್ಲಿ ಪಿಂಜಾರ ಅಮೀನುದ್ದೀನನನ್ನು ಯಾರೂ ದೊಡ್ಡ ಮನುಷ್ಯ ಅಂದವರಲ್ಲ. ಬಿಲ್ಲು ಹೆಗಲಿಗೇರಿಸಿ ಮನೆ ಮನೆ ತಿರುಗಿ ಹತ್ತಿ ಹಿಂಜುತ್ತಿದ್ದ, ಗಾದಿ ತುಂಬುತ್ತಿದ್ದ, ಸಂಜೆಗೆ ಮೀಸೆ, ಹುಬ್ಬು, ಕಿವಿಯೊಳಗಿನ ಕೂದಲನ್ನೂ ಬೆಳ್ಳಗೆ ಮಾಡಿಕೊಂಡು ಕೆಮ್ಮುತ್ತ ಮನೆಗೆ ಬರುತ್ತಿದ್ದ. ಮೊಹರಮ್ಮಿನಲ್ಲಿ ಮಾತ್ರ ಊರು ಅವನ ಮಾತು ಕೇಳುತ್ತಿತ್ತು. ಹೆಜ್ಜೆ ಮೇಳಕ್ಕೆ ಅವನೇ ಮುಂದಾಳು. ಹಲಗೆಯ ಬಡಿತಕ್ಕೆ ಕೈಯಲ್ಲಿ ಕರವಸ್ತ್ರ ಬೀಸುತ್ತ, ಅಲಾಯಿ ಕುಣಿಯ ಬೆಂಕಿಯ ಸುತ್ತ ಸುತ್ತುವ ಆ ಗಂಡಸರಲ್ಲಿ ಅರ್ಧ ಮುಸಲ್ಮಾನರು, ಅರ್ಧ ಕುರುಬರು, ಗಾಣಿಗರು, ಮಾದಿಗರು. ಅವತ್ತೊಂದು ದಿನವಾದರೂ ಯಾರೂ ಯಾರ ಜಾತಿಯನ್ನೂ ಕೇಳುತ್ತಿರಲಿಲ್ಲ. ಮರುದಿನ ಕೇಳುತ್ತಿದ್ದರು, ಅದು ಬೇರೆ ಮಾತು.

ಮುಂದಾಳಿನ ಗೆಜ್ಜೆ ಅವನಪ್ಪ ಕಟ್ಟಿಕೊಂಡದ್ದು. ಅದಕ್ಕೊಂದು ಕಟ್ಟಳೆಯಿತ್ತು. ಮೊಹರಮ್ಮಿನ ಕೊನೆಗೆ ಪಂಜಾ ದೇವರು ಹಳ್ಳಕ್ಕೆ ಹೋಗುವ ದಿನ, ಮೇಳ ಮುಗಿಯುವ ಹೊತ್ತಿಗೆ ಆ ಗೆಜ್ಜೆ ಯಾರ ಕಾಲಲ್ಲಿರುತ್ತದೋ ಅವನೇ ಸಾಯುವ ತನಕ ಮುಂದಾಳು. ಒಮ್ಮೆ ಬಿಚ್ಚಿಕೊಟ್ಟರೆ ತಿರುಗಿ ಕೇಳುವ ಹಾಗಿಲ್ಲ. ಅಮೀನುದ್ದೀನನಿಗೆ ಹೊಲವಿಲ್ಲ, ಎತ್ತಿಲ್ಲ, ಮಕ್ಕಳಿಲ್ಲ. ಇದ್ದದ್ದು ಆ ಗೆಜ್ಜೆ.

ಅರವತ್ತೊಂದರ ಬೇಸಿಗೆಯಲ್ಲಿ ಬಾಗೇವಾಡಿಗೆ ಟೂರಿಂಗ್ ಟಾಕೀಸು ಬಂತು. ಹಿಂದಿ ಪಿಕ್ಚರ್, ತುಂಬ ಹಾಡು, ತುಂಬ ಕುಣಿತ ಎಂದು ಸುದ್ದಿಯಾಯಿತು. ಮೇಳದವರು ಎರಡು ಚಕ್ಕಡಿ ಹೂಡಿಕೊಂಡು ಸಂಜೆಯ ಆಟಕ್ಕೆ ಹೋದರು. ಅಮೀನುದ್ದೀನ ಕೂತ ಚಕ್ಕಡಿ ಮುಂಚೆ ಮುಟ್ಟಿತು. ಅವರು ಪರದೆಯ ಮುಂದೆ ನೆಲದ ಮೇಲೆ ಕೂತರು. ಕುರಿ ಕಾಯುವ ಸೋಮನಿಂಗನ ಚಕ್ಕಡಿಯ ಕೀಲು ದಾರಿಯಲ್ಲಿ ಮುರಿದು, ಬರುವಷ್ಟರಲ್ಲಿ ತಂಬು ತುಂಬಿತ್ತು. ಟಾಕೀಸಿನವರು ಅವರನ್ನೆಲ್ಲ ಪರದೆಯ ಹಿಂದೆ ಕೂಡಿಸಿದರು. ತೆಳ್ಳನೆ ಬಿಳಿ ಬಟ್ಟೆ, ಹಿಂದಿನಿಂದಲೂ ಚಿತ್ರ ಕಾಣುತ್ತಿತ್ತು.

ಕತೆ ಏನು ಅಂತ ಆಮೇಲೆ ಕೇಳಿದರೆ ಅಮೀನುದ್ದೀನನಿಗೆ ಹೇಳಲು ಬರುತ್ತಿರಲಿಲ್ಲ. ಅವನ ತಲೆಯಲ್ಲಿ ಉಳಿದದ್ದು ಒಂದೇ ಹಾಡು. ಅರಮನೆಯಂಥ ಜಾಗ, ಕನ್ನಡಿಯಂತೆ ಹೊಳೆಯುವ ನೆಲ, ಸುತ್ತ ಮೆಟ್ಟಿಲು. ಬಿಳಿ ಝಾಲರಿನ ಲಂಗ ತೊಟ್ಟ ಹುಡುಗಿಯರು ಮೆಟ್ಟಿಲಿಳಿದು ಬಂದು ಸುತ್ತುಗಟ್ಟಿದರು. ಅಲ್ಲಿಯವರೆಗೆ ಅವನಿಗೆ ತಿಳಿಯಿತು, ಇದು ನಮ್ಮ ಮೇಳದ ಹಾಗೇ ಇದೆ ಅಂದುಕೊಂಡ. ಆಮೇಲೆ ಇದ್ದಕ್ಕಿದ್ದ ಹಾಗೆ ನೋಡುವವನೇ ಮೇಲಕ್ಕೆ ಹಾರಿದಂತಾಯಿತು. ಕೆಳಗೆ ಹುಡುಗಿಯರಿಲ್ಲ. ಒಂದು ದೊಡ್ಡ ಬಿಳಿ ಹೂವು. ಅದು ಮುಚ್ಚಿತು, ಬಿಚ್ಚಿತು, ಎಸಳು ನಡುಗಿಸಿತು. ತಂಬಿನ ಜನ ಸೀಟಿ ಹೊಡೆದರು. ಅಮೀನುದ್ದೀನ ತನ್ನ ಕೆಳಗೆ ನೆಲವಿದೆಯೋ ಇಲ್ಲವೋ ಎಂದು ಕೈಯಿಂದ ಮುಟ್ಟಿ ನೋಡಿಕೊಂಡ.

ಆಟ ಬಿಟ್ಟ ಮೇಲೆ ಮಷಿನ್ ನಡೆಸುವ ಅಬ್ದುಲರಜಾಕನನ್ನು ಹಿಡಿದ.

"ಅಣ್ಣಾ, ಆ ಹೂವು ನೋಡಿದಂವ ಎಲ್ಲಿ ನಿಂತಿದ್ದ?"

"ಯಾಂವ?"

"ಅದ, ಮ್ಯಾಲಿಂದ ನೋಡಿದಂವ."

"ಅಟ್ಟಾ ಕಟ್ಟಿ ಅದರ ಮ್ಯಾಲ ಕ್ಯಾಮೆರಾ ಇಟ್ಟಿರತಾರ ಮಾರಾಯಾ."

"ಹಂಗಾರ ತಾವು ಹೂವಾಗೇವಿ ಅಂತ ಆ ಹುಡುಗ್ಯಾರಿಗೆ ಗೊತ್ತಿರತದೇನು?"

ಅಬ್ದುಲರಜಾಕ ಬೀಡಿ ಬಿಸಾಕಿದ. "ಅವರಿಗ್ಯಾಕ ಬೇಕದು? ಕಾಲ ಎತ್ತು ಅಂದ್ರ ಎತ್ತತಾರ, ಪಗಾರ ತಗೊಂಡ ಹೋಗತಾರ. ನೀ ದಾರಿ ಬಿಡು, ಎರಡನೇ ಆಟಕ್ಕ ಜನ ಬರಾಕತ್ತಾರ."

ಆ ಉತ್ತರ ಅವನಿಗೆ ದಕ್ಕಲಿಲ್ಲ. ಹೂವಾದವರಿಗೇ ಹೂವು ಕಾಣುವುದಿಲ್ಲ ಅಂದರೆ ಅದು ಯಾರ ಕುಣಿತ? ಹತ್ತಿ ಹಿಂಜುವಾಗಲೂ ಅದೇ ಗುಂಗು. ಗಾಣಿಗರ ಮನೆಯ ಗಾದಿಯಲ್ಲಿ ಬೀಜವನ್ನು ಹಾಗೇ ಬಿಟ್ಟು ಹೊಲಿದು ಬೈಸಿಕೊಂಡ.

ಮೊಹರಮ್ ಚಂದ್ರ ಕಂಡ ಮೇಲೆ ಮೇಳ ಕೂಡಿಸಿ ಅಂದ, ಈ ಸಲ ನಾವೂ ಹೂವು ಕಟ್ಟೋಣ. ಸುತ್ತುಗಟ್ಟಿ ಕೂತು, ಹಿಂದಕ್ಕೆ ಮಲಗಿ, ಕಾಲು ಮೇಲೆತ್ತಬೇಕು ಎಂದು ತೋರಿಸಿದ.

"ಧೋತ್ರಾ ಉಟ್ಟಕೊಂಡು ಕಾಲ ಎತ್ತು ಅಂತೀಯಲ್ಲೋ ಅಮೀನಣ್ಣಾ," ಅಂದ ಸೋಮನಿಂಗ. "ಹೂವಿನ ಬದಲಿ ಮತ್ತೇನರ ಕಂಡೀತು."

ನಗೆ ನಿಂತ ಮೇಲೆ ಕಾಲಿನ ಮಾತು ಬಿಟ್ಟರು. ಸೊಂಟ ಹಿಂದಕ್ಕೆ ಬಾಗಿಸಿ, ಪಿಕ್ಚರಿನ ಹುಡುಗಿಯರ ಹಾಗೆ ಒಂದು ಕೈ ಎತ್ತಿ ಬಿಳಿ ಕರವಸ್ತ್ರ ಹೊರಗೆ ಚಾಚಿ, ಅದೇ ಕೈಯ ಕಡೆಗೆ ತಿರುಗುವುದು ಎಂದಾಯಿತು. ಹಲಗೆ ಬಡಿಯಿತು. ಅರ್ಧ ಮೇಳ ಬಲಕ್ಕೆ ತಿರುಗಿತು, ಅರ್ಧ ಮೇಳ ಎಡಕ್ಕೆ. ಹಣೆಗೆ ಹಣೆ ಬಡಿದು ಒಬ್ಬನ ಮೂಗಿನಲ್ಲಿ ರಕ್ತ ಬಂತು.

"ಬಲಗೈ ಅಲೇನಲೇ!" ಅಮೀನುದ್ದೀನ ಕೂಗಿದ.

"ಎಡಗೈ," ಅಂದ ಸೋಮನಿಂಗ. "ನನ್ನ ಕಣ್ಣೇನು ಕುರಿ ತಿಂದಾವೇನು? ಪಿಕ್ಚರದಾಗ ಆಕಿ ಎಡಗೈ ಎತ್ತಿದ್ದು ನಾ ನೋಡೇನಿ."

ಸೋಮನಿಂಗನ ಚಕ್ಕಡಿಯಲ್ಲಿ ಹೋದವರೆಲ್ಲ ಎಡಗೈ ಎಂದು ಆಣೆ ಹಾಕಿದರು. ಅಮೀನುದ್ದೀನನ ಚಕ್ಕಡಿಯವರು ಬಲಗೈ ಎಂದರು. ಮಾತು ತಂದೆತಾಯಿಯರ ತನಕ ಹೋಯಿತು. ಕೊನೆಗೆ ಹಲಗೆಯ ಚಾಂದಸಾಬ ಕೋಲು ಕೆಳಗಿಟ್ಟು ಕೇಳಿದ:

"ಅಲ್ಲೋ ಸೋಮ್ಯಾ, ಆ ಹೀರೋ ಯಾವ ಕೈಲೆ ಊಟಾ ಮಾಡಿದ?"

"ಎಡಗೈಲೆ. ನಾ ಆವಾಗ ಅಂದೆ, ಇಂಥಾ ರೊಡ್ಡಗೈಯಾಂವನ್ನ ಯಾಕ ಹೀರೋ ಮಾಡ್ಯಾರ ಅಂತ."

"ಪೊಲೀಸಾ ಸಲಾಮ ಹೊಡೆದಿದ್ದು?"

"ಅದೂ ಎಡಗೈಲೆ. ಮುಂಬೈದಾಗ ಎಲ್ಲಾರೂ ರೊಡ್ಡರ ಇದ್ದಂಗ ಕಾಣತೈತಿ."

"ಹುಚ್ಚಪ್ಯಾಲಿ, ನೀವು ಪರದೆ ಹಿಂದ ಕುಂತಿದ್ರಿ. ಹಿಂದಿಂದ ನೋಡಿದ್ರ ಬಲಾ ಎಡಾ ಆಗತೈತಿ."

ಊರೆಲ್ಲ ನಕ್ಕಿತು. ಅಮೀನುದ್ದೀನ ನಗಲಿಲ್ಲ. ಅವನ ಗೊಂದಲ ಇನ್ನೂ ಹೆಚ್ಚಾಯಿತು. ಮುಂದಿನಿಂದ ನೋಡಿದರೆ ಒಂದು, ಹಿಂದಿನಿಂದ ನೋಡಿದರೆ ಒಂದು, ಮೇಲಿನಿಂದ ನೋಡಿದರೆ ಇನ್ನೊಂದು. ಖರೇ ಕುಣಿತ ಎಲ್ಲಿರುತ್ತದೆ? ಬಲಗೈಗೆ ಎಲ್ಲರೂ ಒಪ್ಪಿ ಅಭ್ಯಾಸ ಕೂಡಿಬಂತು, ಆದರೆ ಒಳಗೆ ನಿಂತವನಿಗೆ ಕಂಡದ್ದು ಬೆವರು, ಬೆನ್ನು, ಪಕ್ಕದವನ ಕಂಕುಳು. ಅದರಲ್ಲಿ ತಪ್ಪೇನಿಲ್ಲ. ಮೋರ್ಚಾದೊಳಗೆ ನಡೆಯುವವನಿಗೂ ಮೋರ್ಚಾ ಎಷ್ಟು ಉದ್ದವಿದೆ ಅಂತ ಗೊತ್ತಾಗುವುದಿಲ್ಲ. ಲಾಠಿ ಹಿಡಿದು ಕಟ್ಟೆಯ ಮೇಲೆ ನಿಂತವನಿಗೆ ಗೊತ್ತಾಗುತ್ತದೆ. ಆದರೆ ಇದನ್ನು ಅವನಿಗೆ ಹೇಳುವವರು ಯಾರು?

ಮನೆಯಲ್ಲಿ ಹೆಂಡತಿ ರಾಜಬಿ ಕೌದಿ ಹೊಲಿಯುತ್ತಿದ್ದಳು. ಅವಳಿಗೆ ಇವನ ನಿಟ್ಟುಸಿರು ಸಾಕಾಗಿತ್ತು.

"ಏನ್ರಿ, ಯಾರರ ಸತ್ತಾರೇನು?"

"ಹೂವು ಆಗೈತೋ ಇಲ್ಲೋ ತಿಳಿವಲ್ದು."

"ನಮ್ಮನ್ನ ಕೇಳ್ರಿ. ವರ್ಷಾ ಹೆಣ್ಣಮಕ್ಕಳೆಲ್ಲಾ ಅಲಾಯಿ ಎದುರಿನ ಕಸ್ತೂರೆವ್ವನ ಮಾಳಿಗಿ ಮ್ಯಾಲ ನಿಂತು ನಿಮ್ಮ ಮೇಳಾ ನೋಡತೇವಿ. ಮ್ಯಾಲಿಂದ ಹೆಂಗ ಕಾಣತೈತಿ ಅಂತ ಒಂದ ದಿನಾನರ ಕೇಳೀರೇನು?"

ಅಮೀನುದ್ದೀನ ಎದ್ದು ಕೂತ. ಅವನಪ್ಪನ ಕಾಲದಿಂದ ಹೆಂಗಸರು ಅಲ್ಲೇ ನಿಲ್ಲುತ್ತಿದ್ದರು. ಅವರು ಅಲ್ಲಿಂದ ಏನನ್ನಾದರೂ ನೋಡುತ್ತಾರೆ ಅನ್ನುವುದು ಒಬ್ಬ ಗಂಡಸಿಗೂ ಹೊಳೆದಿರಲಿಲ್ಲ.

"ಹೆಂಗ ಕಾಣತೈತಿ?"

"ಕಣದಾಗ ರಾಶಿ ತುಳಿಯೋ ಎತ್ತಿನ್ಹಂಗ. ಬರೇ ರುಮಾಲ ಸುತ್ತತಿರತಾವು."

ಎರಡು ದಿನ ಅವನು ಹೆಂಡತಿಯ ಮೇಲೆ ಮುನಿಸಿಕೊಂಡು ತಿರುಗಿದ. ಮೂರನೆಯ ದಿನ ಹೋಗಿ ಮುಜಾವರ ಇಬ್ರಾಹಿಂಸಾಬನ ಮುಂದೆ ನಿಂತ. ದೇವರ ಮನೆಯ ಕೀಲಿಕೈ ಆ ಮುದುಕನದು, ಮೇಳದ ಕಟ್ಟಳೆ ಮಾತೂ ಅವನದೇ.

"ಕಾಕಾ, ದೇವರು ಹಳ್ಳಕ್ಕ ಹೋಗೋ ದಿನ ನಾ ಒಂದ ಗಳಿಗಿ ಮಾಳಿಗಿ ಹತ್ತಿ ನೋಡಲೇನು?"

"ಗೆಜ್ಜಿ ಕಟ್ಟಿಕೊಂಡ?"

"ಹೌದ್ರಿ."

"ಮುಂದಾಳು ನೆಲಾ ಬಿಟ್ಟರ ಮೇಳಾ ಮುರೀತು ಅಂತ ಅರ್ಥ. ಹತ್ತಬೇಕಂದ್ರ ಬಿಚ್ಚಿ ಕೊಟ್ಟು ಹತ್ತು. ಆಮ್ಯಾಲ ನನ್ನ ಹತ್ರ ಅಳಕೋತ ಬರಬ್ಯಾಡ."

"ಹಿಂದಿನ ದಿನ ಅಭ್ಯಾಸದಾಗ ನೋಡಿದ್ರ?"

"ನೋಡಪಾ, ಅದಕ್ಕ ಯಾರ ಬ್ಯಾಡ ಅಂತಾರ."

ನೋಡಿದ ಕೂಡ. ಕಸ್ತೂರೆವ್ವನ ಮಾಳಿಗೆಯ ಮೇಲಿನಿಂದ ಅಭ್ಯಾಸ ನೋಡಿದರೆ ಹಲಗೆಯಿಲ್ಲ, ಅರ್ಧ ಜನ ಹೊಲಕ್ಕೆ ಹೋಗಿದ್ದಾರೆ, ಇದ್ದವರು ಬೀಡಿ ಸೇದುತ್ತ ಬಾಗುತ್ತಿದ್ದಾರೆ. ರಾಜಬಿ ಹೇಳಿದ ಎತ್ತುಗಳೇ. ಇಳಿದು ಬಂದ.

ದೇವರು ಹಳ್ಳಕ್ಕೆ ಹೋಗುವ ದಿನ ಮಧ್ಯಾಹ್ನ ಬಿಸಿಲು ನೆತ್ತಿಯಿಂದ ಸರಿದಿತ್ತು. ಮಾಳಿಗೆಯ ತುಂಬ ಸೀರೆಗಳು. ಅಮೀನುದ್ದೀನ ಗೆಜ್ಜೆ ಕಟ್ಟಿ ಮೇಳವನ್ನು ಅಲಾಯಿಯ ಸುತ್ತ ತಂದ. ಹಳೆಯ ಹೆಜ್ಜೆಗಳೆಲ್ಲ ಮುಗಿದವು. ಹೂವಿನ ಹೆಜ್ಜೆ ಬಂತು. ಎಲ್ಲರೂ ಒಟ್ಟಿಗೆ ಹಿಂದಕ್ಕೆ ಬಾಗಿದರು, ಬಿಳಿ ಬಟ್ಟೆಗಳು ಹೊರಗೆ ಚಾಚಿದವು. ಮಾಳಿಗೆಯ ಮೇಲೆ ಗದ್ದಲ ಒಮ್ಮೆಲೇ ನಿಂತಿತು. ಆಮೇಲೆ "ಯವ್ವಾ!" ಎಂದು ಅಷ್ಟೂ ಹೆಂಗಸರು ಒಂದೇ ದನಿಯಲ್ಲಿ ಅಂದರು.

ಅಮೀನುದ್ದೀನ ತಲೆಯೆತ್ತಿದ. ಅವನಿಗೆ ಕಂಡದ್ದು ಬರೀ ಆಕಾಶ, ಅಲಾಯಿಯ ಹೊಗೆ.

ಹಲಗೆ ಇನ್ನೂ ಬಡಿಯುತ್ತಿತ್ತು. ಹೂವಿನ ಹೆಜ್ಜೆ ಇನ್ನೂ ಒಂದೆರಡು ಸಲ ಬರಬೇಕಿತ್ತು. ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತು ಗೆಜ್ಜೆ ಬಿಚ್ಚಿದ. ತನ್ನ ಹಿಂದೆ ಕುಣಿಯುತ್ತಿದ್ದ ಸೋಮನಿಂಗನ ಕೈಗೆ ತುರುಕಿದ.

"ಏನ ಮಾಡಾಕತ್ತೀ ಅಮೀನಣ್ಣಾ? ತಲಿ ಕೆಟ್ಟೈತೇನು?"

"ಕಟ್ಟಿಕೋ."

"ಕಾಕಾ ನೋಡಾಕತ್ತಾನ!"

"ನೋಡಲಿ. ನನಗೂ ನೋಡಬೇಕಾಗೈತಿ."

ನಿಚ್ಚಣಿಕೆ ಹತ್ತಿದ. ಹೆಂಗಸರು ಸೆರಗು ಎಳೆದುಕೊಂಡು ಚೀರಿದರು. ಕಸ್ತೂರೆವ್ವ ಕೈಯಲ್ಲಿದ್ದ ಮೊರದಿಂದಲೇ ಬೆನ್ನಿಗೊಂದು ಹಾಕಿದಳು.

"ಎಲೋ ಪಿಂಜಾರ್ಯಾ, ಹೆಣ್ಣಮಕ್ಕಳ ನಡಕ ಏನೋ ನಿಂದು?"

ಅವನು ಮಾಳಿಗೆಯ ಅಂಚಿಗೆ ಹೋಗಿ ಬಗ್ಗಿದ. ಕೆಳಗೆ ಮೇಳ ಹಿಂದಕ್ಕೆ ಬಾಗಿತು. ಬಿಳಿ ಎಸಳು ಬಿಚ್ಚಿಕೊಂಡವು, ನಡುವೆ ಅಲಾಯಿಯ ಕೆಂಡ. ಟಾಕೀಸಿನ ಹೂವಿನಲ್ಲಿ ಇಲ್ಲದ ಬಣ್ಣ ಅದಕ್ಕಿತ್ತು. ಆದರೆ ಹೂವು ಪೂರ್ತಿಯಿರಲಿಲ್ಲ. ಒಂದು ಎಸಳಿನ ಜಾಗ ಖಾಲಿ. ಸೋಮನಿಂಗ ಗೆಜ್ಜೆ ಕಟ್ಟಿಕೊಂಡು ಮುಂದಾಳಿನ ಜಾಗಕ್ಕೆ ಹೋಗಿದ್ದ. ಹಲ್ಲು ಉದುರಿದ ಬಾಯಿಯ ಹಾಗೆ ಅವನ ಹಳೆಯ ಜಾಗ ತೆರೆದಿತ್ತು.

ಅಮೀನುದ್ದೀನ ಬಾಯಿ ಬಿಟ್ಟುಕೊಂಡು ನೋಡಿದ. ಅದು ಸೋಮನಿಂಗ ಬಿಟ್ಟ ಜಾಗವೋ, ತಾನು ಬಿಟ್ಟ ಜಾಗವೋ ಅವನಿಗೆ ಬಗೆಹರಿಯಲಿಲ್ಲ.

"ಮೊದಲ ಸಲ ಹೂವು ಆಗಿತ್ತೇನು?" ರಾಜಬಿಯನ್ನು ಕೇಳಿದ.

"ಆಗಿತ್ತು."

"ಪೂರಾ?"

"ಪೂರಾ. ನೀವೂ ಅದರಾಗ ಇದ್ರಲ್ಲಾ."

"ಖರೇ ಹೇಳತೀಯೇನು?"

"ಕಣ್ಣಿಲ್ಲೇನು ನನಗ? ಈಗ ಇಳೀರಿ, ಮರ್ಯಾದಿ ಕಳೀಬ್ಯಾಡ್ರಿ."

ಇಳಿದ. ಬರಿಗಾಲಲ್ಲಿ ಮೇಳದೊಳಗೆ ನುಗ್ಗಿ ಸೋಮನಿಂಗನ ಖಾಲಿ ಜಾಗದಲ್ಲಿ ನಿಂತ. ಮುಂದಿನ ಬಡಿತಕ್ಕೆ ಎಲ್ಲರ ಜೊತೆ ಹಿಂದಕ್ಕೆ ಬಾಗಿದ. ಮಾಳಿಗೆಯಿಂದ ಮತ್ತೆ "ಯವ್ವಾ!" ಕೇಳಿತು. ಮತ್ತೆ ಅವನಿಗೆ ಕಂಡದ್ದು ಆಕಾಶ.

ಸಂಜೆ ದೇವರು ಹಳ್ಳಕ್ಕೆ ಹೋದವು. ಗೆಜ್ಜೆ ಸೋಮನಿಂಗನ ಕಾಲಲ್ಲಿತ್ತು. ಇಬ್ರಾಹಿಂಸಾಬ ಅದನ್ನೊಮ್ಮೆ ನೋಡಿ ದೇವರ ಮುಂದೆ ನಡೆದ. ಸೋಮನಿಂಗ ಮಾತ್ರ ಹಳ್ಳದ ದಂಡೆಯಲ್ಲಿ ಗೆಜ್ಜೆ ಬಿಚ್ಚಿ ತಿರುಗಿ ಕೊಡಲು ಬಂದ. ಅಮೀನುದ್ದೀನ ಕೈ ಹಿಂದಕ್ಕೆ ಕಟ್ಟಿಕೊಂಡ.

ಮುಂದೆ ಬದುಕಿದಷ್ಟು ವರ್ಷವೂ ಅವನು ಎರಡನೆಯ ಜಾಗದಲ್ಲೇ ಕುಣಿದ. ಹೂವಿನ ಹೆಜ್ಜೆ ಮೇಳದಲ್ಲಿ ಉಳಿಯಿತು. ಈಗ ಕುಣಿಯುವವರು ಅದನ್ನು ಹಳೆಯ ಕಾಲದ್ದು ಅನ್ನುತ್ತಾರೆ. ಅಮೀನುದ್ದೀನ ಪ್ರತಿ ವರ್ಷ ಹಳ್ಳದಿಂದ ಬಂದ ಮೇಲೆ ಕಾಲು ತೊಳೆಯುತ್ತ ಹೆಂಡತಿಯನ್ನು ಕೇಳುತ್ತಿದ್ದ:

"ಈ ಸಲ ಆಗಿತ್ತೇನ?"

"ಆಗಿತ್ರಿ," ಅನ್ನುತ್ತಿದ್ದಳು ರಾಜಬಿ. ಅವನು ಅವಳ ಮುಖ ನೋಡುತ್ತ ಕೂಡುತ್ತಿದ್ದ, ನಂಬಬೇಕೋ ಬಿಡಬೇಕೋ ತಿಳಿಯದೆ.