ಎಡಗೈ ಖಾಲಿ ಇರಂಗಿಲ್ರಿ ಸರ

ಹೊತ್ತು ಮುಳುಗುವ ಮೊದಲು ತಾರಸಿಯ ಮೇಲೆ ಕೂತು ಒಂದು ಲೋಟ ಚಹಾ ಕುಡಿಯಬೇಕು. ರೇಣುಕಾ ಅವರ ಆಸೆ ಇಷ್ಟೇ. ಅದಕ್ಕೆ ಅಡ್ಡಗಾಲು ಹಾಕಿದವನು ನಾನು.

ರೇಣುಕಾ ಕೊಪ್ಪಳದ ಕಡೆಯವರು. ಚಿಕ್ಕಬಾಣಾವರದಲ್ಲಿ ಬಾಡಿಗೆ ರೂಮು, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಚೆಕಿಂಗ್ ಕೆಲಸ. ಬಿಡಿಭಾಗಗಳ ಅಳತೆ ನೋಡಿ ಕಂಪ್ಯೂಟರಿನ ಟೇಬಲ್‌ನಲ್ಲಿ ತುಂಬಬೇಕು. ಆ ಸಾಫ್ಟ್‌ವೇರ್ ಬರೆದವನು ನಾನೇ. ಅದರಲ್ಲಿ ಒಂದೊಂದು ಚೌಕಕ್ಕೂ ಮೌಸ್ ಹಿಡಿದು ಎರಡು ಸಲ ಕ್ಲಿಕ್ ಮಾಡಬೇಕಿತ್ತು. (ವೈಟ್‌ಫೀಲ್ಡ್‌ನ ಎಸಿಯಲ್ಲಿ ಕೂತವನಿಗೆ ಅದೊಂದು ಕಷ್ಟ ಅಂತ ಹೊಳೆದಿರಲಿಲ್ಲ.)

“ಎಂಟ್ರಿ ಮುಗಿಯೋದ್ರೊಳಗ ಕತ್ತಲಾಗ್ತದ್ರಿ ಸರ,” ಅಂದರು ಫೋನಿನಲ್ಲಿ. “ಬೆಳಕಿದ್ದಾಗ ಮನಿ ಮುಟ್ಟಿ, ಮಾಳಿಗಿ ಮ್ಯಾಲೆ ಕುಂತು ಚಾ ಕುಡಿಬೇಕಂತ ಭಾಳ ಆಸೆ ಐತ್ರಿ.”

ಇಂಥ ಕಂಪ್ಲೇಂಟ್ ನನಗೆ ಹಿಂದೆಂದೂ ಬಂದಿರಲಿಲ್ಲ. ಮೌಸ್ ಮುಟ್ಟುವುದೇ ಬೇಡ ಅಂತ ಶಾರ್ಟ್‌ಕಟ್‌ಗಳನ್ನು ಸೇರಿಸಿದೆ. ಕಂಟ್ರೋಲ್, ಶಿಫ್ಟ್, ಎನ್ ಒಟ್ಟಿಗೆ ಒತ್ತಿದರೆ ಹೊಸ ಸಾಲು. ಎನ್ ಬದಲು ಬಾಣದ ಕೀ ಒತ್ತಿದರೆ ಪಕ್ಕದ ಚೌಕ. ಆಫೀಸಿನಲ್ಲಿ ನನ್ನ ಬೆರಳು ಓಡಿದ್ದೇ ಓಡಿದ್ದು.

ಕಳೆದ ವಾರ ಅದನ್ನು ಹಾಕಿಕೊಡಲು ಮೆಟ್ರೋ ಹತ್ತಿದೆ. ಎಷ್ಟು ದೂರ ಗೊತ್ತಲ್ಲ? ಕಿಟಕಿಯಾಚೆ ತಾರಸಿಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು. ಒಣಗಲು ಹಾಕಿದ ಸೀರೆ, ನೀರಿನ ಟ್ಯಾಂಕು, ಯಾರೋ ಮರೆತ ಕುರ್ಚಿ. ಕಂಡ ಕುರ್ಚಿಯಲ್ಲೆಲ್ಲ ರೇಣುಕಾ ಲೋಟ ಹಿಡಿದು ಕೂತಂತೆ ಅನಿಸಿತು. ಆ ಗುಂಗಿನಲ್ಲಿ ಪೀಣ್ಯ ದಾಟಿ ನಾಗಸಂದ್ರಕ್ಕೇ ಹೋಗಿಬಿಟ್ಟೆ.

ವಾಪಸ್ ಬಂದು ಶಾರ್ಟ್‌ಕಟ್ ತೋರಿಸಿದೆ. ರೇಣುಕಾ ಕೀಬೋರ್ಡ್ ನೋಡಿದರು. ನನ್ನನ್ನು ನೋಡಿದರು.

“ಇದಕ್ಕ ಎರಡೂ ಕೈ ಬೇಕೇನ್ರಿ? ಎಡಗೈ ಖಾಲಿ ಇರಂಗಿಲ್ರಿ ಸರ.”

ಅವರ ಎಡಗೈ ಬಿಡಿಭಾಗವನ್ನು ಅಳತೆಯ ಗೇಜ್‌ಗೆ ಒತ್ತಿ ಹಿಡಿದಿತ್ತು. ಬಿಟ್ಟರೆ ಮುಳ್ಳು ಅಲ್ಲಾಡುತ್ತದೆ, ಅಳತೆ ತಪ್ಪುತ್ತದೆ. ನಾಚಿಕೆಯಾಯಿತು ಕಣ್ರೀ. ಇಷ್ಟು ವರ್ಷ ನಾನು ಸಾಫ್ಟ್‌ವೇರ್ ಬರೆದಿದ್ದು ಎರಡೂ ಕೈ ಖಾಲಿ ಇರುವವರಿಗೆ ಮಾತ್ರವೇ?

ಅಲ್ಲೇ ಸ್ಟೂಲ್ ಎಳೆದುಕೊಂಡು, ಎಡಗೈಯಲ್ಲಿ ಒಂದು ಬಿಡಿಭಾಗ ಹಿಡಿದು, ಒಂದೇ ಕೈಯಲ್ಲಿ ಕೋಡ್ ತಿದ್ದಿದೆ. ಈಗ ಎಲ್ಲವೂ ಕೀಬೋರ್ಡಿನ ಬಲಬದಿಯ ಅಂಕಿಗಳ ಪಕ್ಕದಲ್ಲೇ ಇದೆ. ಎಂಟರ್ ಒತ್ತಿದರೆ ಮುಂದಿನ ಚೌಕ, ಪ್ಲಸ್ ಒತ್ತಿದರೆ ಹೊಸ ಸಾಲು.

ನಿನ್ನೆ ಸಂಜೆ ಒಂದು ಫೋಟೋ ಬಂತು. ತಾರಸಿಯ ಮೋಟುಗೋಡೆ, ಸ್ಟೀಲ್ ಲೋಟ, ಹಿಂದೆ ಕೆಂಪಾದ ಆಕಾಶ. ಕೆಳಗೆ ಬರೆದಿದ್ದರು: “ನೋಡ್ಕೋತ ಕುಂತೆ, ಚಾ ಆರಿ ಹೋತ್ರಿ ಸರ.”

ಅದನ್ನು ಓದುವಾಗ ನಾನಿನ್ನೂ ಆಫೀಸಿನ ಟ್ಯೂಬ್‌ಲೈಟ್ ಕೆಳಗೇ ಇದ್ದೆ. ನಮ್ಮ ಮನೆಗೂ ಒಂದು ತಾರಸಿ ಇದೆ. ಅಲ್ಲಿ ಸಂಜೆ ಹೇಗಿರುತ್ತದೆ?