ಶಿರಾಕ್ಕೆ ಹೋದ ಒಂದು ಸಾಲು

ಮಧುಗಿರಿಯ ಕಣ್ಣಿನ ಆಸ್ಪತ್ರೆಯೊಂದರಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೇನೆ. ರೋಗಿಗಳ ದಾಖಲೆಗಳ ಡೇಟಾಬೇಸ್ ಇರುವುದು ನಮ್ಮ ಲಿನಕ್ಸ್ ಯಂತ್ರದಲ್ಲಿ. ಶಿರಾದಲ್ಲಿ ಶಾಖೆ ತೆರೆದಾಗ ಅಲ್ಲಿನ ವಿಂಡೋಸ್ ಕಂಪ್ಯೂಟರಿಗೂ ಒಂದು ಪ್ರತಿ ಬೇಕೆಂದರು ಡಾಕ್ಟರು. ಡೇಟಾಬೇಸನ್ನು ನಿಲ್ಲಿಸಿ, ಇಡೀ ಫೋಲ್ಡರನ್ನು ಒಂದೇ ಫೈಲಾಗಿ ಕಟ್ಟಿ ಪೆನ್‌ಡ್ರೈವಿನಲ್ಲಿ ಕಳಿಸಿದೆ.

ಮರುದಿನ ಶಿರಾದ ಆಪರೇಟರ್ ಹುಡುಗಿ ಫೋನ್ ಮಾಡಿ, ಒಬ್ಬ ರೋಗಿಯ ಹೆಸರೂ ಕಾಣುತ್ತಿಲ್ಲ ಎಂದಳು. ಇಲ್ಲಿ ತೆರೆದು ನೋಡಿದೆ. ಕೊಡಿಗೇನಹಳ್ಳಿಯ ಅಜ್ಜಿಯೊಬ್ಬರ ಪೊರೆಯ ಆಪರೇಷನ್ನಿನಿಂದ ಹಿಡಿದು ಎಲ್ಲವೂ ಇತ್ತು. ಇಲ್ಲಿರುವುದು ಅಲ್ಲಿಲ್ಲವೆಂದರೆ ಅಲ್ಲೇ ಯಾರೋ ಅಳಿಸಿರಬೇಕು. ಅವಳು ಬೇರೊಂದು ಆಸ್ಪತ್ರೆಯಲ್ಲಿ ಕೆಲಸ ಕೇಳಿದ್ದಾಳೆಂಬ ಮಾತು ನನ್ನ ಕಿವಿಗೆ ಬಿದ್ದಿತ್ತು. ರೋಗಿಗಳ ಪಟ್ಟಿಯನ್ನು ತಾನಿಟ್ಟುಕೊಂಡು ಖಾಲಿ ಎನ್ನುತ್ತಿದ್ದಾಳೆ ಎಂದುಕೊಂಡೆ. ಡಾಕ್ಟರಿಗೂ ಹಾಗೇ ಹೇಳಿಬಿಟ್ಟೆ. ಮೊದಲು ಹೋಗಿ ನೋಡು ಎಂದರು ಅವರು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳಿಗೆ ಹಾಕಬೇಕಾದ ಪ್ರಶ್ನೆಗಳನ್ನು ಜೋಡಿಸಿಕೊಂಡೆ. ಶಿರಾದ ಶಾಖೆಗೆ ಹೋದಾಗ ಅವಳು ತನ್ನ ಕುರ್ಚಿ ಬಿಟ್ಟುಕೊಟ್ಟಳು, ಟೀ ತರಿಸಿದಳು. ನಾನು ಕುಡಿಯಲಿಲ್ಲ. ಅಳಿಸಿದ ಫೈಲುಗಳ ಬುಟ್ಟಿ ತಡಕಿದೆ, ಹಿಂದಿನ ದಿನ ಯಾವ್ಯಾವ ಫೈಲು ತೆರೆದಿದ್ದಾಳೆ ಎಂದು ನೋಡಿದೆ. ಅನುಮಾನಕ್ಕೆ ಏನೂ ಸಿಗಲಿಲ್ಲ. ಕೊನೆಗೆ ಡೇಟಾಬೇಸಿನ ಫೋಲ್ಡರ್ ಇರಬೇಕಾದ ಕಡೆ ಒಂದು ಪುಟ್ಟ ಫೈಲು ಕಂಡಿತು. ತೆರೆದರೆ ಒಳಗೆ ಒಂದೇ ಸಾಲು: ಮಧುಗಿರಿಯ ನನ್ನ ಯಂತ್ರದ ಹೊಸ ಡಿಸ್ಕಿನ ವಿಳಾಸ.

ಆಗ ನೆನಪಾಯಿತು. ಕೆಲವು ತಿಂಗಳ ಹಿಂದೆ ಜಾಗ ಸಾಲದೆ ಡೇಟಾಬೇಸನ್ನು ಹೊಸ ಡಿಸ್ಕಿಗೆ ಸಾಗಿಸಿ, ಹಳೆಯ ಜಾಗದಲ್ಲಿ ಅದರ ಕಡೆ ದಾರಿ ತೋರುವ ಲಿಂಕ್ ಇಟ್ಟವನು ನಾನೇ. ನನ್ನ ಯಂತ್ರದಲ್ಲಿ ಅದನ್ನು ಮುಟ್ಟಿದರೆ ನೇರವಾಗಿ ದಾಖಲೆಗಳೇ ತೆರೆಯುತ್ತಿದ್ದವು. ಕಟ್ಟಿ ಕಳಿಸಿದಾಗ ಹೋದದ್ದು ಬರೀ ಲಿಂಕ್. ವಿಂಡೋಸಿನ ಪಾಲಿಗೆ ಅದು ಅರ್ಥವಿಲ್ಲದ ಒಂದು ಸಾಲು. ದಾಖಲೆಗಳು ಮಧುಗಿರಿ ಬಿಟ್ಟು ಕದಲಿರಲೇ ಇಲ್ಲ.

"ನಾನು ಅಳಿಸಿಬುಟ್ಟೆ ಅಂತ ಬಂದ್ರಾ ಸಾರ್?" ಎಂದಳು.

"ಹಂಗೇನಿಲ್ಲಮ್ಮ."

"ಬಂದಾಗ್ಲಿಂದ ನನ್ ಕೈನೇ ನೋಡ್ತಾ ಇದ್ರಿ."

ಹೌದು, ಅನುಮಾನಪಟ್ಟೆ ಎಂದು ಒಪ್ಪಿಕೊಂಡೆ. ಅವಳ ಎದುರೇ ಡಾಕ್ಟರಿಗೆ ಫೋನ್ ಮಾಡಿ ತಪ್ಪು ನನ್ನದೆಂದೆ. ಊರಿಗೆ ಮರಳಿ, ಲಿಂಕನ್ನಲ್ಲ, ಅದು ತೋರುವ ಫೋಲ್ಡರನ್ನೇ ಕಟ್ಟಿ, ಮರುದಿನ ನಾನೇ ಒಯ್ದುಕೊಟ್ಟೆ. ಎಲ್ಲ ಹೆಸರುಗಳೂ ಬಂದವು.

ಬೇರೆ ಕೆಲಸದ ಮಾತು ನಿಜವೋ ಸುಳ್ಳೋ, ನಾನು ಕೇಳಲಿಲ್ಲ. ಅವಳು ಈಗಲೂ ಅಲ್ಲೇ ಇದ್ದಾಳೆ. ನಾನು ಏನು ಒಯ್ದರೂ, "ಒಸಿ ಇರಿ ಸಾರ್" ಎನ್ನುತ್ತಾಳೆ. ತೆರೆದು, ಮೊದಲ ಹೆಸರು, ಕೊನೆಯ ಹೆಸರು ನೋಡಿದ ಮೇಲೆಯೇ ಪೆನ್‌ಡ್ರೈವ್ ಹಿಂದಕ್ಕೆ ಕೊಡುತ್ತಾಳೆ. ಅಲ್ಲಿಯವರೆಗೆ ನಾನು ನಿಂತಿರುತ್ತೇನೆ.